ಹತ್ತು ಮೊಣಕಾಲು, ಹತ್ತು ವ್ಯತ್ಯಾಸ

ನಾನು ಫಿಸಿಯೋಥೆರಪಿಸ್ಟ್. ಮೊಣಕಾಲು ಬಿಗಿದುಕೊಂಡು ಬರುವವರಿಗೆ ನಾಲ್ಕು ವಾರಗಳ ವ್ಯಾಯಾಮ ಹೇಳಿಕೊಡುತ್ತೇನೆ. ಗುಣ ಕಾಣುತ್ತಿದೆ ಎಂದು ಅವರೂ ಹೇಳುತ್ತಿದ್ದರು, ನನಗೂ ಹಾಗೇ ಅನ್ನಿಸುತ್ತಿತ್ತು. ಆದರೂ ಅಳೆದು ನೋಡಬೇಕೆಂಬ ಹಟ ಹುಟ್ಟಿತು. ಮೊದಲ ದಿನ ಕಾಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಕೋನ ಅಳೆಯುವ ಸಾಧನ ಗೋನಿಯೋಮೀಟರ್ ಇಟ್ಟು ಅಳೆದು ಬರೆದುಕೊಂಡೆ, ನಾಲ್ಕು ವಾರ ಕಳೆದ ಮೇಲೆ ಮತ್ತೆ ಅಳೆದೆ. ಶುರುಮಾಡಿದವರು 12 ಜನ. ಇಬ್ಬರು ನಡುವೆಯೇ ಬರುವುದನ್ನು ಬಿಟ್ಟರು. ಎರಡೂ ಅಳತೆ ಸಿಕ್ಕಿದ್ದು 10 ಜನರದು.

ಮೊದಲಿನ ಸರಾಸರಿ 107 ಡಿಗ್ರಿ, ನಂತರದ್ದು 113.2. ಈ 6.2 ಡಿಗ್ರಿ ನಿಜವಾದ ಬದಲಾವಣೆಯೋ, ಆಕಸ್ಮಿಕವೋ? ಇದನ್ನು ತಿಳಿಯಲು ಕಂಪ್ಯೂಟರಿನಲ್ಲಿ, ಸರಾಸರಿಗಳನ್ನು ಹೋಲಿಸುವ ಟಿ ಪರೀಕ್ಷೆಯನ್ನು ಆರಿಸಿ ಎರಡು ಕಾಲಂಗಳನ್ನು ಕೊಟ್ಟೆ. ಟಿ ಬೆಲೆ 1.24 ಬಂತು. ಬರೀ ಆಕಸ್ಮಿಕವಲ್ಲ ಎನ್ನಲು ಆ ಪರೀಕ್ಷೆಯಲ್ಲಿ 2.10 ದಾಟಬೇಕಿತ್ತು. ಅಂದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅಂದು ಸಂಜೆ ನನಗೆ ತುಂಬಾ ಬೇಸರವಾಗಿತ್ತು.

ಮರುದಿನ ಕಾಗದದ ಮೇಲೆ ಎಡಕ್ಕೊಂದು, ಬಲಕ್ಕೊಂದು ಗೆರೆ ಎಳೆದು, ಪ್ರತಿಯೊಬ್ಬರ ಮೊದಲ ಅಳತೆಯನ್ನು ಎಡಗಡೆಯಲ್ಲೂ ನಂತರದ್ದನ್ನು ಬಲಗಡೆಯಲ್ಲೂ ಗುರುತಿಸಿ ಎರಡನ್ನೂ ಜೋಡಿಸಿದೆ. ಹತ್ತು ಗೆರೆಗಳಲ್ಲಿ ಒಂಬತ್ತು ಮೇಲಕ್ಕೆ ಏರಿದ್ದವು, ಒಂದು ಕೆಳಗಿಳಿದಿತ್ತು. ಕಣ್ಣಿಗೆ ಇಷ್ಟು ಸ್ಪಷ್ಟವಾಗಿರುವುದು ಲೆಕ್ಕಕ್ಕೆ ಏಕೆ ಸಿಗಲಿಲ್ಲ? ತಪ್ಪು ನಾನು ಆರಿಸಿದ ಪರೀಕ್ಷೆಯದಾಗಿತ್ತು. ಎರಡು ಕಾಲಂಗಳು ಬೇರೆ ಬೇರೆ ಜನರ ಎರಡು ಗುಂಪುಗಳು ಎಂದು ಅದು ಭಾವಿಸಿತ್ತು. ಒಬ್ಬರ ಕಾಲು 88 ಡಿಗ್ರಿಗೇ ನಿಲ್ಲುತ್ತದೆ, ಇನ್ನೊಬ್ಬರದು 125ರವರೆಗೆ ಹೋಗುತ್ತದೆ. ಮನುಷ್ಯರ ನಡುವಿನ ಆ ದೊಡ್ಡ ಅಂತರದಲ್ಲಿ ನನ್ನ 6 ಡಿಗ್ರಿ ಮುಳುಗಿಹೋಗಿತ್ತು.

ಜೋಡಿ ಟಿ ಪರೀಕ್ಷೆ ಈ ಅಂತರವನ್ನು ಮೊದಲೇ ಕಳೆದುಬಿಡುತ್ತದೆ. ಅಲ್ಲಿ ಪ್ರತಿಯೊಬ್ಬರ ಹೋಲಿಕೆ ಅವರೊಂದಿಗೇ. ನಂತರದ್ದರಿಂದ ಮೊದಲಿನದನ್ನು ಕಳೆದು ಬರೆದೆ: 8, 5, 12, 3, 9, 6, -2, 10, 7, 4. ಪರೀಕ್ಷೆಗೆ ಬೇಕಾದದ್ದು ಈ ಹತ್ತೇ ಸಂಖ್ಯೆಗಳು. ಸರಾಸರಿ 6.2, ಸಂಖ್ಯೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂದು ಹೇಳುವ ಮಾನಕ ವಿಚಲನೆ 3.99. ಅದನ್ನು 10ರ ವರ್ಗಮೂಲದಿಂದ ಭಾಗಿಸಿದರೆ 1.26. 6.2ನ್ನು 1.26ರಿಂದ ಭಾಗಿಸಿದರೆ ಟಿ ಸುಮಾರು 4.9. ಹತ್ತು ಜೋಡಿಯಲ್ಲಿ ಒಂದು ಕಳೆದು ಟಿ ಬೆಲೆಗಳ ಕೋಷ್ಟಕದ 9ರ ಸಾಲನ್ನು ನೋಡಬೇಕು. ಅಲ್ಲಿ ಶೇ 5ರ ಮಟ್ಟಕ್ಕೆ (ನಿಜವಾದ ಬದಲಾವಣೆ ಇಲ್ಲದಿದ್ದರೂ ನೂರಕ್ಕೆ ಐದು ಸಲ ಮಾತ್ರ ದಾಟುವ ಗೆರೆಗೆ) ಬೇಕಾದದ್ದು 2.26, ನನ್ನ 4.9 ಅದನ್ನು ಸುಲಭವಾಗಿ ದಾಟಿತ್ತು. ನಿಜವಾದ ಸರಾಸರಿ ಬದಲಾವಣೆಯ ಶೇ 95 ವಿಶ್ವಾಸದ ವ್ಯಾಪ್ತಿ 3.3ರಿಂದ 9.1 ಡಿಗ್ರಿ. ಅಳತೆಗಳು ಅವೇ, ಜನರು ಅವರೇ. ಯಾರದು ಯಾವುದು ಎಂಬ ನೆನಪನ್ನು ಲೆಕ್ಕ ಈಗ ಉಳಿಸಿಕೊಂಡಿತ್ತು, ಅಷ್ಟೇ.

ಈ ಪರೀಕ್ಷೆ ಹುಟ್ಟಿದ್ದೇ ಇಂಥ ಜೋಡಿಗಳ ಜೊತೆಗೆ ಎಂದು ಆಮೇಲೆ ಓದಿ ಖುಷಿಪಟ್ಟೆ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಲೇಖನದಲ್ಲಿ ಕೊಟ್ಟ ಉದಾಹರಣೆಯಲ್ಲಿ ಇದ್ದವರೂ 10 ಜನ ರೋಗಿಗಳೇ. ಎರಡು ಔಷಧಗಳಿಂದ ಒಬ್ಬೊಬ್ಬರಿಗೂ ಎಷ್ಟೆಷ್ಟು ಹೆಚ್ಚು ನಿದ್ದೆ ಬಂತು ಎಂಬ ಲೆಕ್ಕ ಅದು. ಅವರೂ ಒಬ್ಬೊಬ್ಬರ ವ್ಯತ್ಯಾಸವನ್ನೇ ಹಿಡಿದು ಲೆಕ್ಕ ಮಾಡಿದ್ದರು, ಸರಾಸರಿ 1.58 ಗಂಟೆ.

ಇನ್ನು ಆ -2. ಏಳನೆಯ ಸಾಲಿನ ಅವರು ಎರಡನೆಯ ಅಳತೆಯ ದಿನ ತುಂಬಾ ದೂರ ನಡೆದು ಬಂದಿದ್ದರು, ಮೊಣಕಾಲು ಊದಿತ್ತು. ಆ ಸಾಲನ್ನು ತೆಗೆದರೆ ಸರಾಸರಿ 7.1ಕ್ಕೆ ಏರುತ್ತದೆ. ಪೆನ್ನು ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು ಎಂಬುದು ನಿಜ. ಆದರೆ 12 ಡಿಗ್ರಿ ಸುಧಾರಿಸಿದವರು ಅಂದು ಹೇಗಿದ್ದರು ಎಂದು ನಾನು ವಿಚಾರಿಸಿರಲಿಲ್ಲವಲ್ಲ! ಇಷ್ಟವಾಗದ ಅಂಕಿಗೆ ಮಾತ್ರ ಕಾರಣ ಹುಡುಕುವುದು ನ್ಯಾಯವಲ್ಲ. ಆ ಸಾಲನ್ನು ಹಾಗೇ ಬಿಟ್ಟೆ.

ವ್ಯತ್ಯಾಸಗಳು ಸಾಮಾನ್ಯ ವಿತರಣೆಗೆ, ಅಂದರೆ ನಡುವೆ ಹೆಚ್ಚು, ಎರಡೂ ತುದಿಗಳಲ್ಲಿ ಕಡಿಮೆ ಇರುವ ಗಂಟೆಯಾಕಾರದ ಹರಡುವಿಕೆಗೆ, ಹತ್ತಿರವಿರಬೇಕು ಎಂಬುದು ಜೋಡಿ ಟಿ ಪರೀಕ್ಷೆಯ ಷರತ್ತು. ಮೊದಲಿನ ಮತ್ತು ನಂತರದ ಅಳತೆಗಳು ಹೇಗಿವೆ ಎಂಬುದು ಮುಖ್ಯವಲ್ಲ, ವ್ಯತ್ಯಾಸಗಳನ್ನು ನೋಡಬೇಕು. ಹತ್ತು ಚುಕ್ಕೆ ಇಟ್ಟು ನೋಡಿದೆ, ವಿಪರೀತ ದೂರ ಸಿಡಿದದ್ದು ಕಾಣಲಿಲ್ಲ. ಸಿಡಿದಿದ್ದರೆ ಈ ಷರತ್ತು ಬೇಡದ ವಿಲ್ಕಾಕ್ಸನ್ ಪರೀಕ್ಷೆಗೆ ಹೋಗುತ್ತಿದ್ದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯದೇ. ಕೋನ ಹೆಚ್ಚಿತು ಎಂದು ಪರೀಕ್ಷೆ ಹೇಳಿತು. ವ್ಯಾಯಾಮದಿಂದಲೇ ಹೆಚ್ಚಿತು ಎಂದು ಅದು ಹೇಳಲಿಲ್ಲ. ನೋವು ತೀರಾ ಹೆಚ್ಚಾದಾಗಲೇ ಜನ ನಮ್ಮ ಹತ್ತಿರ ಬರುವುದು. ಏನೂ ಮಾಡದಿದ್ದರೂ ಕೆಲವರು ತಮ್ಮ ಎಂದಿನ ಸ್ಥಿತಿಗೆ ಮರಳುತ್ತಾರೆ. ಬಿಟ್ಟುಹೋದ ಆ ಇಬ್ಬರಿಗೆ ಗುಣವೇ ಕಾಣದೆ ಇರಬಹುದು. ಜೋಡಿ ಇಲ್ಲದವರನ್ನು ಈ ಲೆಕ್ಕ ಸದ್ದಿಲ್ಲದೆ ಕೈಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ಸಲವೂ ಅಳೆದವನು ನಾನೇ. ಇದು ‘ನಂತರದ’ ಅಳತೆ ಎಂದು ಗೊತ್ತಿದ್ದೇ ಅಳೆದೆ. ಗೋನಿಯೋಮೀಟರ್‌ನ ಕಡ್ಡಿಯನ್ನು ತೊಡೆಯ ನೇರಕ್ಕೆ ಹಿಡಿಯುವಾಗ ಕೈ ಒಂಚೂರು ವಾಲಿದರೂ ಎರಡು ಮೂರು ಡಿಗ್ರಿ ಬದಲಾಗುತ್ತದೆ. ಎಲ್ಲರಲ್ಲೂ ಒಂದೇ ಕಡೆಗೆ ವಾಲಿದ ತಪ್ಪನ್ನು ಯಾವ ಟಿ ಬೆಲೆಯೂ ಹಿಡಿಯಲಾರದು.

ಹಾಗಾಗಿ ಈಗ ಅಳೆಯುವುದು ನನ್ನ ಸಹೋದ್ಯೋಗಿ. ಬಂದವರಿಗೆ ಇದು ಎಷ್ಟನೆಯ ಅಳತೆ ಎಂದು ಆ ಸಹೋದ್ಯೋಗಿಗೆ ತಿಳಿಸುವುದಿಲ್ಲ. ವ್ಯಾಯಾಮ ಕಾಯಬಹುದಾದವರಿಗೆ ಅದನ್ನು ಶುರುಮಾಡುವ ಮೊದಲೇ ಎರಡು ವಾರಗಳ ಅಂತರದಲ್ಲಿ ಎರಡು ಸಲ ಅಳತೆ ಆಗುತ್ತದೆ. ಆ ಎರಡರ ನಡುವೆಯೇ ಕೋನ ಏರಿದ್ದರೆ ಅದು ನನ್ನ ವ್ಯಾಯಾಮದ ಪಾಲಲ್ಲ. ಬಿಟ್ಟುಹೋದವರಿಗೆ ಫೋನ್ ಮಾಡಿ, ಒಮ್ಮೆ ಅಳತೆಗಾದರೂ ಬನ್ನಿ ಎಂದು ಕರೆಯುತ್ತೇನೆ. ಕಳೆದ ವಾರ ಒಬ್ಬರು ಬಂದರು. ಅವರ ವ್ಯತ್ಯಾಸ ಸೊನ್ನೆ. ಅದನ್ನೂ ಬರೆದುಕೊಂಡೆ.