ಕೈರಿಯಿಂದ ಕಬ್ಬಿನ ಹಾಲಿನವರೆಗೆ: ಋತುವಿಗೊಂದು ಕಾಕ್‌ಟೇಲ್, ಮನೆಯಲ್ಲೇ

ಬೆಳಗಾವಿಯ ಗಣಪತ ಗಲ್ಲಿಯಲ್ಲಿ ಬುಟ್ಟಿ ಇಟ್ಟು ಕೂತವರನ್ನು ನೋಡಿದರೆ ಸಾಕು, ಯಾವ ತಿಂಗಳು ಅಂತ ಕ್ಯಾಲೆಂಡರ್ ನೋಡದೆ ಹೇಳಬಹುದು. ಮಾರ್ಚ್ ಬಂದರೆ ಕೈರಿ, ಅಂದರೆ ಮಾವಿನಕಾಯಿ. ಮೇ ತಿಂಗಳಿಗೆ ಖಾನಾಪುರ ಕಡೆಯ ಕವಳಿ ಹಣ್ಣು. ಮಳೆ ಹಿಡಿಯುವ ಹೊತ್ತಿಗೆ ನೇರಳೆ. ಚಳಿಗೆ ಪೇರಲ, ಮಹಾಬಳೇಶ್ವರದ ಸ್ಟ್ರಾಬೆರಿ. ಲಿಂಬೆ ಮಾತ್ರ ವರ್ಷಪೂರ್ತಿ. ಇಷ್ಟೆಲ್ಲ ಕೈಗೆ ಸಿಗುವ ಊರಲ್ಲಿದ್ದು, ಮನೆಗೆ ನಾಲ್ಕು ಜನ ಬಂದಾಗ ರಮ್ಮಿಗೆ ಬಾಟಲಿಯ ಕೋಲಾ ಸುರಿದು ಕೊಡಲು ನನಗೆ ಮನಸ್ಸೇ ಬರುವುದಿಲ್ಲ.

ಕಾಕ್‌ಟೇಲ್ ಅಂದರೆ ಹೋಟೆಲಿನವರ ವಿದ್ಯೆ, ಹತ್ತಾರು ಬಾಟಲಿ ಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಒಂದು ಬಾಟಲಿ ಮದ್ಯ, ಲಿಂಬೆ, ಸಕ್ಕರೆ ಪಾಕ, ಬರ್ಫ (ಐಸ್). ಇವುಗಳ ಒಂದೇ ಒಂದು ಅಳತೆ ಕೈಗೆ ಕೂತರೆ ಉಳಿದದ್ದನ್ನು ಆಯಾ ತಿಂಗಳ ಮಾರುಕಟ್ಟೆ ಹೇಳಿಕೊಡುತ್ತದೆ. ಇಂಗ್ಲಿಷರ 'ಪಂಚ್' ಎಂಬ ಪಾನೀಯದ ಹೆಸರು ನಮ್ಮ 'ಪಂಚ' ಎಂಬ ಮಾತಿನಿಂದಲೇ ಹುಟ್ಟಿತು ಎಂದು ಹೇಳುವುದುಂಟು. ಮದ್ಯ, ಲಿಂಬೆ, ಸಕ್ಕರೆ, ನೀರು, ಮಸಾಲೆ, ಹೀಗೆ ಐದು. ನಮ್ಮ ಪಾನಕದಲ್ಲಿ ಇವುಗಳಲ್ಲಿ ನಾಲ್ಕು ಇದ್ದೇ ಇವೆ. ಪಾನಕ ಮಾಡಲು ಬಂದವರಿಗೆ ಕಾಕ್‌ಟೇಲ್ ಕಷ್ಟವಲ್ಲ.

ಮೊದಲು ಪಾಕ

ಸಕ್ಕರೆ ತಣ್ಣನೆಯ ನೀರಲ್ಲಿ ಬೇಗ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ಅದಕ್ಕೇ ಪಾಕ ಬೇಕು. ಒಂದು ಬಟ್ಟಲು ಸಕ್ಕರೆಗೆ ಒಂದು ಬಟ್ಟಲು ನೀರು. ಸಣ್ಣ ಉರಿಯಲ್ಲಿ ಸಕ್ಕರೆ ಕರಗಿದ ಕೂಡಲೇ ಇಳಿಸಿ. ಎಳೆ ಬರುವವರೆಗೆ ಕುದಿಸಬೇಡಿ, ಇದು ಜಿಲೇಬಿಯ ಪಾಕವಲ್ಲ. ಆರಿದ ಮೇಲೆ ತೊಳೆದು ಒಣಗಿಸಿದ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ವಾರ ಬರುತ್ತದೆ.

ಬೆಲ್ಲದ ಪಾಕಕ್ಕೂ ಇದೇ ಅಳತೆ. ಅದನ್ನು ಸೋಸಲೇಬೇಕು, ಮಣ್ಣು, ಕಸ ಇರುತ್ತದೆ. ಒಂದು ವಾರದೊಳಗೆ ಮುಗಿಸಿ. ರವಿವಾರ ಪೇಟೆಯಲ್ಲಿ ಬೆಲ್ಲ ಕೊಳ್ಳುವಾಗ ಹಳದಿಯಾಗಿ ಹೊಳೆಯುವ ಪೆಂಟೆ ಕೇಳಬೇಡಿ. ಆ ಬಣ್ಣ ಬರಲಿ ಅಂತ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕುವುದುಂಟು. ಕಂದು ಬೆಲ್ಲವೇ ಇರಲಿ. ರಮ್ಮಿನ ಜೊತೆ ಅದರ ರುಚಿ ಚೆನ್ನಾಗಿ ಕೂಡುತ್ತದೆ.

ಲಿಂಬೆಗೆ ಮರ್ಯಾದೆ

ನಮ್ಮ ನೆರೆಯ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ತೆಳು ಸಿಪ್ಪೆ, ಜಾಸ್ತಿ ರಸ, ಚುರುಕು ಹುಳಿ. ಇಂಥ ಹಣ್ಣು ಪಕ್ಕದಲ್ಲೇ ಬೆಳೆಯುವಾಗ ಬಾಟಲಿಯ ಲಿಂಬೆ ರಸ ಯಾಕೆ ತರಬೇಕು?

ಫ್ರಿಜ್‌ನಿಂದ ತೆಗೆದ ಲಿಂಬೆಯನ್ನು ಅರ್ಧ ಗಂಟೆ ಹೊರಗಿಡಿ. ಕಟ್ಟೆಯ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿ, ಆಮೇಲೆ ಅಡ್ಡ ಕೊಯ್ಯಿರಿ. ಮೆತ್ತಗೆ ಹಿಂಡಿ. ಸಿಪ್ಪೆ ಮಗುಚುವಂತೆ ಹಿಂಡಿದರೆ ಕಹಿ ಇಳಿಯುತ್ತದೆ. ಎರಡು ಹಣ್ಣಿಗೆ ಸುಮಾರು 30 ಮಿ.ಲೀ. ರಸ ಸಿಗುತ್ತದೆ. ಮತ್ತೊಂದು ಮಾತು: ಹೊತ್ತಿಗೆ ಸರಿಯಾಗಿ ಹಿಂಡಿ. ಮೊದಲ ಸಲ ಅಣ್ಣ, ವೈನಿ (ಅತ್ತಿಗೆ) ಮತ್ತು ಅವರ ಗೆಳೆಯರನ್ನು ಕರೆದಿದ್ದಾಗ ನಾನು ಬೆಳಿಗ್ಗೆಯೇ ಇಪ್ಪತ್ತು ಲಿಂಬೆ ಹಿಂಡಿಟ್ಟಿದ್ದೆ. ಸಂಜೆಗೆ ರಸ ಕಹಿಯಾಗಿತ್ತು. ಅಷ್ಟೂ ಚೆಲ್ಲಿ, ಕತ್ತಲಾದ ಮೇಲೆ ಮತ್ತೆ ಲಿಂಬೆ ಹುಡುಕಿಕೊಂಡು ಹೋಗಬೇಕಾಯಿತು. ಆ ದಿನದಿಂದ ಅತಿಥಿಗಳು ಬಂದ ಮೇಲೆಯೇ ಹಿಂಡುತ್ತೇನೆ.

ಬರ್ಫ ಮತ್ತು ಅಲುಗಿಸುವುದು

ಬರ್ಫ ಸುಮ್ನೆ ತಂಪಿಗೆ ಅಲ್ಲ. ಅದು ಕರಗಿ ಸೇರುವ ನೀರೂ ಪಾನೀಯದ ಒಂದು ಭಾಗ. ಆ ನೀರು ಇಲ್ಲದಿದ್ದರೆ ಮದ್ಯದ ಖಾರ ಗಂಟಲಿಗೆ ಹತ್ತುತ್ತದೆ. ಕುದಿಸಿ ಆರಿಸಿದ ನೀರಿನಿಂದ ಮಾಡಿ. ತಟ್ಟೆಯನ್ನು ಮುಚ್ಚಿಡಿ, ಫ್ರಿಜ್‌ನ ಈರುಳ್ಳಿ, ಬೆಳ್ಳುಳ್ಳಿ ವಾಸನೆಯನ್ನು ಬರ್ಫ ಎಳೆದುಕೊಳ್ಳುತ್ತದೆ. ದೊಡ್ಡ ತುಂಡು ನಿಧಾನವಾಗಿ ಕರಗುತ್ತದೆ. ಸ್ಟೀಲಿನ ಚಿಕ್ಕ ಬಟ್ಟಲಲ್ಲಿ ನೀರು ಗಟ್ಟಿ ಮಾಡಿದರೂ ಆಯಿತು.

ಶೇಕರ್ ಬೇಕಿಲ್ಲ. ಬಿಗಿಯಾಗಿ ತಿರುವುವ ಮುಚ್ಚಳದ ಸ್ಟೀಲ್ ಡಬ್ಬಿ ಅಥವಾ ಚೆನ್ನಾಗಿ ತೊಳೆದ ಉಪ್ಪಿನಕಾಯಿ ಭರಣಿ ಸಾಕು. ಅಳತೆಗೆ ಕೆಮ್ಮಿನ ಔಷಧಿ ಬಾಟಲಿಯ ಗೆರೆ ಇರುವ ಮುಚ್ಚಳ ಬಹಳ ಒಳ್ಳೆಯದು. ಸೋಸಲು ಚಹಾದ ಜಾಲರಿ.

ಈಗ ಮೂಲ ಅಳತೆ. ಬಿಳಿ ರಮ್ 45 ಮಿ.ಲೀ., ಲಿಂಬೆ ರಸ 20, ಪಾಕ 20. ಡಬ್ಬಿಗೆ ಹಾಕಿ, ಮುಕ್ಕಾಲು ತುಂಬುವಷ್ಟು ಬರ್ಫ ಹಾಕಿ, ಮುಚ್ಚಳ ಬಿಗಿ ಮಾಡಿ. ಮನಸ್ಸಿನಲ್ಲೇ ಹದಿನೈದು ಎಣಿಸುವವರೆಗೆ ಜೋರಾಗಿ ಅಲುಗಿಸಿ. ಡಬ್ಬಿಯ ಹೊರಮೈ ಕೈಗೆ ಕೊರೆಯುವಷ್ಟು ತಣ್ಣಗಾಗಬೇಕು. ಸೋಸಿ ಗ್ಲಾಸಿಗೆ ಹಾಕಿ. ಇದೇ ಡೈಕಿರಿ. ಕ್ಯೂಬಾದ ಸಾಂಟಿಯಾಗೊ ಹತ್ತಿರದ, ಅದೇ ಹೆಸರಿನ ಗಣಿ ಊರಿನಿಂದ ಬಂದ ಪಾನೀಯ. ಅಲ್ಲಿಯೂ ಇದ್ದದ್ದು ಕಬ್ಬು, ರಮ್, ಲಿಂಬೆ. ಕಬ್ಬಿನ ನಾಡಿನವರಾದ ನಮಗೆ ಇದು ದೂರದ ರುಚಿಯಲ್ಲ, ಅಲ್ವಾ?

ಒಂದು ಚಮಚ ಬಾಯಿಗೆ ಹಾಕಿ ನೋಡಿ. ಹುಳಿ ಮೊದಲು ಬಂದು ಸಿಹಿ ಆಮೇಲೆ ಬಂದರೆ ಸರಿಯಾಗಿದೆ. ಹಲ್ಲು ಚುಳ್ ಎಂದರೆ ಅರ್ಧ ಚಮಚ ಪಾಕ ಸೇರಿಸಿ. ಶರಬತ್ತಿನಂತೆ ಬರೀ ಸಿಹಿ ಅನ್ನಿಸಿದರೆ ನಾಲ್ಕು ಹನಿ ಲಿಂಬೆ. ಈ ಹದ ನಾಲಿಗೆಗೆ ಗೊತ್ತಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ.

ಸೋಡಾ ಇರುವ ಪಾನೀಯದಲ್ಲಿ ಸೋಡಾವನ್ನು ಎಂದಿಗೂ ಡಬ್ಬಿಗೆ ಹಾಕಿ ಅಲುಗಿಸಬೇಡಿ, ಮುಚ್ಚಳ ಹಾರುತ್ತದೆ. ಅದು ಕೊನೆಗೆ, ಗ್ಲಾಸಿಗೇ. ತಣ್ಣನೆಯ ಸೋಡಾದಲ್ಲಿ ಗ್ಯಾಸ್ ಜಾಸ್ತಿ ಹೊತ್ತು ನಿಲ್ಲುತ್ತದೆ. ಗ್ಲಾಸು ಓರೆ ಹಿಡಿದು ಸುರಿಯಿರಿ.

ಲೆಕ್ಕ ಪೆಗ್ಗಿನದು

ಇದನ್ನು ಹಣ್ಣುಗಳಿಗಿಂತ ಮೊದಲೇ ಹೇಳಬೇಕು. ನಮ್ಮಲ್ಲಿ ಸಿಗುವ ರಮ್, ವೊಡ್ಕಾ, ಜಿನ್ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಆಲ್ಕೋಹಾಲ್ ಶೇ 42.8 ಎಂದು ಬರೆದಿರುತ್ತದೆ. 45 ಮಿ.ಲೀ. ಅಂದರೆ 30 ಮಿ.ಲೀ.ಯ ಒಂದೂವರೆ ಸಣ್ಣ ಪೆಗ್. ಅದರಲ್ಲಿ ಸುಮಾರು 19 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ. ಹಣ್ಣು, ಸಿಹಿ, ತಂಪು ಸೇರಿ ಇದನ್ನು ಮರೆಮಾಡುತ್ತವೆ. ಎರಡು ಗ್ಲಾಸು ಅಂದರೆ ಮೂರು ಪೆಗ್ ಎಂದು ಎಣಿಸಿ. ಗ್ಲಾಸಿಗೆ ಗ್ಲಾಸು ನೀರು ಕುಡಿಯಿರಿ, ಹೊಟ್ಟೆಗೆ ಏನಾದರೂ ತಿನ್ನಿರಿ. ಕುಡಿದವರಿಗೆ ಗಾಡಿಯ ಕೀಲಿ ಕೊಡಬೇಡಿ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಮದ್ಯ ಮುಟ್ಟಲೇಬಾರದು. ಸೀಲ್ ಇರುವ ಬಾಟಲಿಯನ್ನು ಪರವಾನಗಿ ಇರುವ ಅಂಗಡಿಯಿಂದಲೇ ತನ್ನಿ. ಖುಲ್ಲಾ ಮಾರುವ ಸಾರಾಯಿಯಲ್ಲಿ ಮೆಥನಾಲ್ ಎಂಬ ವಿಷ ಇದ್ದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ.

ಕೆಳಗಿನ ಎಲ್ಲವನ್ನೂ ಮದ್ಯ ಬಿಟ್ಟೂ ಮಾಡಬಹುದು. ನಮ್ಮ ವೈನಿ ಮದ್ಯ ಮುಟ್ಟುವುದಿಲ್ಲ. ಅವರಿಗೆ ಮದ್ಯದ ಜಾಗದಲ್ಲಿ ಸೋಡಾ, ಒಂದು ಚಿಟಿಕೆ ಕರಿ ಉಪ್ಪು, ಎರಡು ಪುದೀನಾ ಎಲೆ. ಆ ಜಗ್ ಬೇರೆಯೇ ಇರಲಿ, ಬೇರೆ ಮೇಜಿನ ಮೇಲಿರಲಿ. ಮನೆಯಲ್ಲಿ ಮಕ್ಕಳಿದ್ದರೆ ಇದು ತಪ್ಪಲೇಬಾರದು.

ಬೇಸಿಗೆ: ಕೈರಿ

ಎರಡು ಮಧ್ಯಮ ಗಾತ್ರದ ಕೈರಿಯನ್ನು ಸಿಪ್ಪೆ ಸಮೇತ ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿ. ಕೆಂಡ ಸಿಕ್ಕರೆ ಸುಡಿ. ಹೊಗೆಯ ವಾಸನೆ ಬಂದ ಕೈರಿಗೆ ಸಾಟಿ ಇಲ್ಲ. ಆರಿದ ಮೇಲೆ ತಿರುಳು ಕಿವುಚಿ ತೆಗೆಯಿರಿ. ತಿರುಳಿನಷ್ಟೇ ಬೆಲ್ಲ, ಅರ್ಧ ಚಮಚ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ, ಒಂದು ಏಲಕ್ಕಿ ಸೇರಿಸಿ ಅರೆದು ಸೋಸಿ. ಮನೆಯಲ್ಲಿ ನಾವು ಮಾಡುವ ಪನ್ಹೆಯೇ ಇದು, ಸ್ವಲ್ಪ ಗಟ್ಟಿ ಅಷ್ಟೇ.

ಗ್ಲಾಸಿನ ಅಂಚಿಗೆ ಲಿಂಬೆ ತುಂಡು ಉಜ್ಜಿ. ಉಪ್ಪು, ಕೆಂಪು ಖಾರ ಬೆರೆಸಿದ ತಟ್ಟೆಯಲ್ಲಿ ಗ್ಲಾಸನ್ನು ಬೋರಲು ಒತ್ತಿ. ಬರ್ಫ ತುಂಬಿ. ಮೂರು ದೊಡ್ಡ ಚಮಚ ಪನ್ಹೆ, 45 ಮಿ.ಲೀ. ವೊಡ್ಕಾ ಹಾಕಿ ಕಲಕಿ, ಮೇಲೆ 100 ಮಿ.ಲೀ. ತಣ್ಣನೆಯ ಸೋಡಾ. ಇದಕ್ಕೆ ಲಿಂಬೆ ಬೇಡ, ಹುಳಿ ಕೈರಿಯದೇ ಸಾಕು. ಕೈರಿ ಒಂದೊಂದು ಒಂದೊಂದು ಥರ. ಅದಕ್ಕೇ ಬೆಲ್ಲವನ್ನು ಒಮ್ಮೆಗೇ ಪೂರ್ತಿ ಹಾಕದೆ ರುಚಿ ನೋಡುತ್ತ ಹಾಕಿ.

ಕವಳಿ ಹಣ್ಣು ಸಿಕ್ಕರೆ ಒಂದು ಮುಷ್ಟಿ ತನ್ನಿ. ಅದರ ಬಿಳಿ ಹಾಲು ತುಟಿಗೆ ಅಂಟುತ್ತದೆ, ಅರ್ಧ ಗಂಟೆ ನೀರಲ್ಲಿ ನೆನೆಹಾಕಿ ತೊಳೆಯಿರಿ. ಡಬ್ಬಿಯ ತಳದಲ್ಲಿ ಕುಟ್ಟಿ, ಜಿನ್ ಹಾಕಿ, ಮೂಲ ಅಳತೆಯಲ್ಲೇ ಮಾಡಿ. ನೇರಳೆಗೂ ಹೀಗೇ, ಬೀಜ ತೆಗೆದು.

ಮಳೆಗಾಲ: ಆಮಸೂಲ ಮತ್ತು ಬಿಸಿ ರಮ್

ಬೆಳಗಾವಿಯ ಮಳೆ ಒಮ್ಮೆ ಹಿಡಿದರೆ ಬಿಡುವ ಮಾತಿಲ್ಲ. ಹಗಲು ಸ್ವಲ್ಪ ಬಿಸಿಲು ಬಿದ್ದ ದಿನಕ್ಕೆ ಆಮಸೂಲ, ಅಂದರೆ ಒಣಗಿಸಿದ ಕೋಕಂ (ಮುರುಗಲು) ಸಿಪ್ಪೆ. ಅಂಗಡಿಯಲ್ಲಿ ಉಪ್ಪು ಹಚ್ಚದ್ದನ್ನೇ ಕೇಳಿ ತನ್ನಿ, ಸಾರಿಗೆ ಹಾಕುವ ಉಪ್ಪಿನದು ಇಲ್ಲಿ ಆಗುವುದಿಲ್ಲ. ಹನ್ನೆರಡು ಸಿಪ್ಪೆಯನ್ನು ಒಂದು ಬಟ್ಟಲು ಬಿಸಿ ನೀರಿನಲ್ಲಿ ಮೂರು ಗಂಟೆ ನೆನೆಸಿ, ಹಿಸುಕಿ, ಸೋಸಿ, ಮುಕ್ಕಾಲು ಬಟ್ಟಲು ಸಕ್ಕರೆ ಹಾಕಿ ಕರಗಿಸಿ. ಈ ಕೆಂಪು ರಸ 40 ಮಿ.ಲೀ., ಜಿನ್ 45, ಒಂದು ಚಿಟಿಕೆ ಜೀರಿಗೆ ಪುಡಿ, ಬರ್ಫ, ಸೋಡಾ. ಗೋವೆಯ ಗೋಡಂಬಿ ಹಣ್ಣಿನ ಮದ್ಯ ಫೆನ್ನಿಗೂ ಆಮಸೂಲಕ್ಕೂ ಒಳ್ಳೆಯ ಜೋಡಿ, ನಿಜ. ಆದರೆ ಚೋರ್ಲಾ ಘಾಟ ಹತ್ತಿಸಿ ಬಾಟಲಿ ತರಬೇಡಿ. ಪರವಾನಗಿ ಇಲ್ಲದೆ ರಾಜ್ಯದ ಗಡಿ ದಾಟಿಸಿದರೆ ಅಬಕಾರಿ ಕೇಸು ಆಗುತ್ತದೆ. ಅಲ್ಲಿಗೆ ಹೋದಾಗ ಅಲ್ಲೇ ಕುಡಿದು ನೋಡಿ.

ಸಂಜೆ ಹೆಂಚಿನ ಮೇಲೆ ಮಳೆ ಸದ್ದು ಜೋರಾದಾಗ ಬೇಕಾದದ್ದು ಬಿಸಿ. 150 ಮಿ.ಲೀ. ನೀರಿಗೆ ಜಜ್ಜಿದ ಹಸಿಶುಂಠಿ, ಎರಡು ಲವಂಗ, ಒಂದು ಚೂರು ದಾಲ್ಚಿನ್ನಿ ಹಾಕಿ ಐದು ನಿಮಿಷ ಕುದಿಸಿ. ಎರಡು ಚಮಚ ಬೆಲ್ಲ ಹಾಕಿ ಒಲೆ ಆರಿಸಿ. ದಪ್ಪ ಕಪ್ಪಿಗೆ ಸೋಸಿ, ಒಂದು ನಿಮಿಷ ಬಿಟ್ಟು 45 ಮಿ.ಲೀ. ಕಪ್ಪು ರಮ್, ಅರ್ಧ ಲಿಂಬೆಯ ರಸ ಸೇರಿಸಿ. ರಮ್ಮನ್ನು ಒಲೆಯ ಮೇಲೆ ಕುದಿಸಲೇಬೇಡಿ. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿಗೆ ಬೆಂಕಿ ಹತ್ತಬಹುದು.

ಇದು ನೆಗಡಿಗೆ ಔಷಧಿ ಅಂತ ಹೇಳುವವರು ಪ್ರತಿ ಮನೆಯಲ್ಲೂ ಇದ್ದಾರೆ. ಗಂಟಲಿಗೆ ಹಿತ ಕೊಡುವುದು ಬಿಸಿ ನೀರು, ಶುಂಠಿ, ಬೆಲ್ಲ. ರಮ್ ಅಲ್ಲ. ಮದ್ಯ ಕುಡಿದಾಗ ಮೈ ಬೆಚ್ಚಗಾದಂತೆ ಅನ್ನಿಸುವುದು ಚರ್ಮದ ರಕ್ತನಾಳ ಹಿಗ್ಗುವುದರಿಂದ. ನಿಜವಾಗಿ ಮೈಯ ಶಾಖ ಹೊರಗೆ ಹೋಗುತ್ತಿರುತ್ತದೆ. ಜ್ವರ ಇದ್ದರೆ, ಮಾತ್ರೆ ತೆಗೆದುಕೊಂಡಿದ್ದರೆ ರಮ್ ಬಿಟ್ಟು ಉಳಿದ ಕಷಾಯ ಕುಡಿಯಿರಿ.

ಚಳಿಗಾಲ: ಪೇರಲ, ಮತ್ತೆ ಕಬ್ಬಿನ ಹಾಲು

ಪೇರಲಕ್ಕೆ ಜಾಸ್ತಿ ಹೇಳುವುದೇನಿಲ್ಲ. ಚೆನ್ನಾಗಿ ಹಣ್ಣಾದದ್ದನ್ನು ಸ್ವಲ್ಪ ನೀರು ಹಾಕಿ ಮಿಕ್ಸರಿನಲ್ಲಿ ತಿರುವಿ, ಬೀಜ ಸೋಸಿ. 60 ಮಿ.ಲೀ. ತಿರುಳು, 45 ವೊಡ್ಕಾ, 20 ಲಿಂಬೆ, 10 ಪಾಕ. ಅಲುಗಿಸಿ, ಖಾರದ ಉಪ್ಪಿನ ಗ್ಲಾಸಿಗೆ. ಜನವರಿ ಕಳೆದ ಮೇಲೆ ವಿಜಯಪುರದ ಹಸಿರು ದ್ರಾಕ್ಷಿ ಬರುತ್ತದೆ, ಹತ್ತು ಹಣ್ಣು ಕುಟ್ಟಿ ಜಿನ್ನಿಗೆ ಹಾಕಿ. ಬಾಗಲಕೋಟೆ ಕಡೆಯ ದಾಳಿಂಬೆಯನ್ನು ಮಾತ್ರ ಮಿಕ್ಸರಿಗೆ ಹಾಕಬೇಡಿ, ಬೀಜ ಒಡೆದರೆ ಒಗರು. ಕೈಯಿಂದ ಹಿಸುಕಿ.

ನನಗೆ ಎಲ್ಲಕ್ಕಿಂತ ಪ್ರೀತಿ ಕಬ್ಬಿನದು. ನಮ್ಮ ರಮ್ ಆಗುವುದು ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ. ಬ್ರೆಜಿಲ್‌ನವರು ಕಬ್ಬಿನ ಹಾಲನ್ನೇ ಹುದುಗಿಸಿ ಕಶಾಸಾ ಎಂಬ ಮದ್ಯ ಮಾಡುತ್ತಾರೆ, ಅದಕ್ಕೆ ಲಿಂಬೆ, ಸಕ್ಕರೆ ಕುಟ್ಟಿ ಹಾಕಿದರೆ ಅವರ ಪ್ರಸಿದ್ಧ ಕೈಪಿರಿನ್ಯಾ. ನಮ್ಮಲ್ಲಿ ಕಶಾಸಾ ಸುಲಭಕ್ಕೆ ಸಿಗುವುದಿಲ್ಲ. ಆದರೆ ರಮ್ಮಿಗೆ ತಾಜಾ ಕಬ್ಬಿನ ಹಾಲು ಸೇರಿಸಿದರೆ ಒಂದೇ ಬೇರಿನ ಎರಡು ರುಚಿ ಗ್ಲಾಸಿನಲ್ಲಿ ಕೂಡುತ್ತವೆ. ಕಬ್ಬು ನುರಿಸುವ ಹಂಗಾಮಿನಲ್ಲಿ, ದೀಪಾವಳಿ ಕಳೆದು ಚಳಿ ಬಿದ್ದಾಗ, ಕಬ್ಬಿನ ಸಿಹಿ ಏರಿರುತ್ತದೆ. ಇದನ್ನು ಆಗಲೇ ಮಾಡಬೇಕು.

ಗಾಣದವರಿಗೆ ಬರ್ಫ ಹಾಕಬೇಡಿ ಅಂತ ಮೊದಲೇ ಹೇಳಿ. ಶುಂಠಿ ತುಂಡು, ಒಂದು ಲಿಂಬೆ ಕಬ್ಬಿನ ನಡುವೆ ಇಟ್ಟು ಅರೆಸಿ. ಸ್ಟೀಲ್ ಕ್ಯಾನಿನಲ್ಲಿ ತಂದು ಕೂಡಲೇ ಫ್ರಿಜ್‌ಗೆ ಇಡಿ. ಗ್ಲಾಸಿಗೆ 45 ಮಿ.ಲೀ. ರಮ್, 120 ಕಬ್ಬಿನ ಹಾಲು, 15 ಲಿಂಬೆ ರಸ. ಪಾಕ ಒಂದು ಹನಿಯೂ ಬೇಡ. ದೊಡ್ಡ ಬರ್ಫದ ಎರಡು ತುಂಡು, ಒಂದು ಚಿಟಿಕೆ ಕರಿ ಉಪ್ಪು, ನಿಧಾನವಾಗಿ ಕಲಕಿ. ಲಿಂಬೆ ಸಿಪ್ಪೆಯ ಒಂದು ಚೂರನ್ನು ಗ್ಲಾಸಿನ ಮೇಲೆ ಮಡಿಚಿ ಒತ್ತಿದರೆ ಅದರ ಎಣ್ಣೆ ಚಿಮ್ಮಿ ಪರಿಮಳ ಬರುತ್ತದೆ. ಕಬ್ಬಿನ ಹಾಲು ಗಂಟೆಗಳಲ್ಲೇ ಕಪ್ಪಾಗಿ ಹುಳಿ ಬರಲು ಶುರುವಾಗುತ್ತದೆ. ಹಾಗಾಗಿ ಗಾಣಕ್ಕೆ ಹೋಗುವುದು ಅತಿಥಿಗಳು ಫೋನ್ ಮಾಡಿ ಹೊರಟೆವು ಅಂದ ಮೇಲೆ.