ಕಾರಿಗೆ ಇ-ಪಾಸ್ ಸಿಗಲಿಲ್ಲ, ಬಸ್ಸಲ್ಲೇ ಊಟಿಗೆ ಹೋಗಿಬಂದೆವು

ಬೇಸಿಗೆ ರಜೆಯ ಭಾನುವಾರ ಊಟಿಗೆ ಹೊರಟಿದ್ದೆವು, ಆದರೆ ಕಾರಿಗೆ ಇ-ಪಾಸ್ ಸಿಗಲಿಲ್ಲ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೆ ಬರುವ ಹೊರಗಿನ ಗಾಡಿಗಳಿಗೆ ಈ ಆನ್‌ಲೈನ್ ಪಾಸ್ ಬೇಕೇ ಬೇಕು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ದಿನಕ್ಕೆ 6,000 ಗಾಡಿ, ವಾರಾಂತ್ಯದಲ್ಲಿ 8,000, ಅಷ್ಟೇ ಮಿತಿ ಇತ್ತು.

ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ಪಾಸ್ ಬೇಕಿಲ್ಲ! ಇದು ಗೊತ್ತಾದ ಮೇಲೆ ಕೆಲಸ ಸುಲಭವಾಯಿತು. ಕಾರನ್ನು ಮೈಸೂರಿನ ನೆಂಟರ ಮನೆಯಲ್ಲಿ ಬಿಟ್ಟು, ಬೆಳಿಗ್ಗೆ ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಬಸ್ ಹತ್ತಿದೆವು. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾಟಿ ಊಟಿ. ಗೂಡಲೂರಿನಿಂದ ಮೇಲೆ ಬರೀ ತಿರುವು, ವಾಂತಿ ಬರುವವರು ಮುಂದಿನ ಸೀಟು ಹಿಡಿಯಿರಿ. ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡ, ನೀಲಗಿರಿಯಲ್ಲಿ ಅದಕ್ಕೆ ನಿಷೇಧ ಇದೆ, ಸ್ಟೀಲ್ ಬಾಟಲಿ ಇರಲಿ.

ವಾಪಸ್ ಬರೋದೇ ಜಾಸ್ತಿ ತಲೆನೋವು. ಬಂಡೀಪುರ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಅಲ್ವಾ, ಹಾಗಾಗಿ ಸಂಜೆ ಬಸ್ಸನ್ನು ನಂಬದೆ ಮಧ್ಯಾಹ್ನದ ಬಸ್ಸಿಗೆ ಮೊದಲೇ ಆನ್‌ಲೈನಲ್ಲಿ ಸೀಟು ಹಿಡಿದಿದ್ದೆವು. ಊಟಿಯೊಳಗೆ ಓಡಾಡೋಕೆ ಲೋಕಲ್ ಬಸ್, ಆಟೋ ಸಾಕಾಯಿತು. ಪಾರ್ಕಿಂಗ್ ಹುಡುಕುವ ಕಾಟವೂ ಇರಲಿಲ್ಲ.