ಸವಳು ನೀರಿನ ಊರಿನಲ್ಲಿ ಸೋಪಿನ ಕಡ್ಡಿಯಿಂದ ದಾಡಿ

ಅಗ್ಗದ ಶೇವಿಂಗ್ ಸ್ಟಿಕ್, ಅಂದರೆ ದಾಡಿ ಸೋಪಿನ ಕಡ್ಡಿ, ಕೊಂಡು ತಂದ ಹಲವರು ಅದನ್ನು ಎರಡು ದಿನ ಬಳಸಿ, ನೊರೆಯೇ ಏಳುವುದಿಲ್ಲವೆಂದು ಬೇಸತ್ತು ಬಚ್ಚಲಿನ ಗೂಡಿನಲ್ಲಿ ಒಗೆದುಬಿಡುತ್ತಾರೆ. ಗದಗಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ನಾನು ಮಾಡಿದ್ದೂ ಅದನ್ನೇ. ಕೆಲವು ತಿಂಗಳ ಮೇಲೆ ಧಾರವಾಡದ ಸಂಬಂಧಿಕರ ಮನೆಗೆ ಹೋಗುವಾಗ ಬೇರೇನೂ ಕೈಗೆ ಸಿಗದೆ ಅದೇ ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಅಲ್ಲಿ ಹಿಂದಿನ ರಾತ್ರಿಯ ಮಳೆಗೆ ತುಂಬಿದ್ದ ಕೊಡದ ನೀರನ್ನು ಕಾಯಿಸಿ ಮುಖಕ್ಕೆ ಹಚ್ಚಿದಾಗ, ಎಮ್ಮೆಯ ಹಾಲಿನ ಕೆನೆಯಂತಹ ನೊರೆ ಎದ್ದಿತು. ಕಡ್ಡಿ, ಬ್ರಶ್, ಕೈ ಎಲ್ಲವೂ ಅವೇ ಇದ್ದವು, ಬದಲಾದದ್ದು ನೀರು ಮಾತ್ರ. ಆದ್ದರಿಂದ ಈ ವಿಧಾನವನ್ನು ನೀರಿನಿಂದಲೇ ಆರಂಭಿಸಬೇಕು.

ನಮ್ಮ ಕಡೆ ಸವಳು ನೀರು ಎಂದು ಕರೆಯುವ, ಪಠ್ಯಪುಸ್ತಕಗಳು ಗಡಸು ನೀರು ಎನ್ನುವ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಸೋಪು ಅವುಗಳೊಡನೆ ಕೂಡಿದಾಗ ನೀರಿನಲ್ಲಿ ಕರಗದ ಜಿಗುಟಾದ ಬಿಳಿ ಗಸಿಯಾಗುತ್ತದೆ. ನೀರಿನಲ್ಲಿರುವ ಲವಣವನ್ನೆಲ್ಲ ಹೀಗೆ ತೀರಿಸಿದ ಮೇಲೆ ಉಳಿದ ಸೋಪಷ್ಟೇ ನೊರೆಯಾಗಬೇಕು. ಹಚ್ಚಿದ ಸೋಪು ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರವಿದು. ನಿಮ್ಮ ಮನೆಯ ನೀರು ಎಂಥದೆಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ, ಅಡಿಗೆಮನೆಯಲ್ಲಿ ಕೇಳಿದರೆ ಸಾಕು: ಯಾವ ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುವುದಿಲ್ಲವೋ ಆ ನೀರಿನಲ್ಲಿ ನೊರೆಯೂ ಏಳುವುದಿಲ್ಲ. ಕಣ್ಣಾರೆ ಕಾಣಬೇಕೆನ್ನುವವರು ಎರಡು ಬಾಟಲಿಗಳಲ್ಲಿ ಬೋರಿನ ನೀರನ್ನೂ ಕುಡಿಯುವ ನೀರನ್ನೂ ಅರ್ಧರ್ಧ ತುಂಬಿ, ಎರಡಕ್ಕೂ ಅಷ್ಟಷ್ಟೇ ಸೋಪಿನ ಚೂರು ಹಾಕಿ, ಒಂದೇ ಸಮ ಕುಲುಕಿ ನೋಡಬಹುದು.

ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಮಲಪ್ರಭೆಯ ನೀರು, ಗದಗ-ಬೆಟಗೇರಿ ಮತ್ತು ಹಾವೇರಿಗೆ ತುಂಗಭದ್ರೆಯ ನೀರು ಬರುತ್ತದೆ, ಮತ್ತು ಹೊಳೆಯ ನೀರು ಸಾಮಾನ್ಯವಾಗಿ ಬೋರಿನ ನೀರಿಗಿಂತ ಮೆದುವಾಗಿರುತ್ತದೆ. ಆದರೆ ನಲ್ಲಿಯ ನೀರು ದಿನವೂ ಬಾರದ ಓಣಿಗಳಲ್ಲಿ ಎರಡು ಪಾಳಿಯ ನಡುವೆ ಬಚ್ಚಲಿಗೆ ಬೋರಿನ ನೀರೇ ಗತಿ. ದಾಡಿಗೆ ಬೇಕಾಗುವ ಒಳ್ಳೆಯ ನೀರಾದರೂ ಎಷ್ಟು? ಬ್ರಶ್ ನೆನೆಸಲು ಮತ್ತು ನೊರೆ ಏಳಿಸಲು ಒಂದು ಲೋಟ ಸಾಕು. ಕುಡಿಯಲು ತಂದಿಟ್ಟ ಶುದ್ಧೀಕರಣ ಘಟಕದ ನೀರಿನಿಂದ ಆ ಒಂದು ಲೋಟ ತೆಗೆದಿಟ್ಟರೆ ಮನೆಯಲ್ಲಿ ಯಾರೂ ಆಕ್ಷೇಪಿಸಲಾರರು. ಅದೂ ಇಲ್ಲದಿದ್ದರೆ ಬೋರಿನ ನೀರನ್ನೇ ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಸಿದುಕೊಳ್ಳಬಹುದು. ಬೈಕಾರ್ಬೊನೇಟಿನಿಂದ ಬಂದ ಗಡಸು ಕುದಿತಕ್ಕೆ ಇಳಿದು ಪಾತ್ರೆಯ ತಳದಲ್ಲಿ ಸುಣ್ಣದಂತೆ ಕೂರುತ್ತದೆ. ಹಂಡೆಯ ಒಳಗೆ, ಹೀಟರಿನ ಸುರುಳಿಯ ಮೇಲೆ ಕಟ್ಟುವ ಬಿಳಿ ಪೊರೆ ಇದೇ. ಸಲ್ಫೇಟು, ಕ್ಲೋರೈಡುಗಳಿಂದ ಬಂದ ಗಡಸು ಮಾತ್ರ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಮುಖ ತೊಳೆಯಲು, ರೇಜರ್ ಅದ್ದಲು ಯಾವ ನೀರಾದರೂ ನಡೆಯುತ್ತದೆ.

ಇನ್ನು ಕಡ್ಡಿಯ ವಿಷಯ. ಹೆಬ್ಬೆರಳಿಗಿಂತ ತುಸು ದಪ್ಪನಾದ ಈ ಗಟ್ಟಿ ಸೋಪಿಗೂ ಮೈಗೆ ಹಚ್ಚುವ ಸೋಪಿಗೂ ಇರುವ ವ್ಯತ್ಯಾಸವು ಹೆಸರಿಗೆ ಮಾತ್ರವಲ್ಲ. ಸ್ನಾನದ ಸೋಪನ್ನು ಸಾಮಾನ್ಯವಾಗಿ ಸೋಡಿಯಂ ಕ್ಷಾರದಿಂದ ಮಾಡುತ್ತಾರೆ. ಅದರ ನೊರೆ ದೊಡ್ಡ ಗುಳ್ಳೆಗಳಾಗಿ ಎದ್ದು ಬೇಗ ಒಡೆಯುತ್ತದೆ. ದಾಡಿಯ ಸೋಪಿಗೆ ಪೊಟ್ಯಾಸಿಯಂ ಕ್ಷಾರವನ್ನೂ ಹೆಚ್ಚಿನ ಸ್ಟಿಯರಿಕ್ ಆಮ್ಲವನ್ನೂ ಸೇರಿಸುವುದರಿಂದ ಅದರ ನೊರೆ ಸಣ್ಣ ಗುಳ್ಳೆಗಳ ದಟ್ಟ ಪದರವಾಗಿ ಕೆಲವು ನಿಮಿಷ ನಿಲ್ಲುತ್ತದೆ. ಸಸ್ಯಾಹಾರಿಗಳು ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿಕೊಳ್ಳುವುದು ಒಳ್ಳೆಯದು: ಟ್ಯಾಲೋವೇಟ್ ಎಂದಿದ್ದರೆ ಅದು ಪ್ರಾಣಿಯ ಕೊಬ್ಬು, ಪಾಮೇಟ್ ಎಂದಿದ್ದರೆ ತಾಳೆಯೆಣ್ಣೆ. ಡಬ್ಬಿಯ ಫೋಮಿಗೆ ಕೊಡುವ ಹಣದ ಎದುರು ಕಡ್ಡಿಯ ಬೆಲೆ ತೀರ ಕಡಿಮೆ, ಬಾಳಿಕೆಯೂ ಹೆಚ್ಚು. ಒಂದು ಸಲಕ್ಕೆ ಅರ್ಧ ಗ್ರಾಂ ಸವೆಯಿತೆಂದು ಹಿಡಿದರೆ 60 ಗ್ರಾಮಿನ ಕಡ್ಡಿ 120 ದಾಡಿಗೆ ಬರುತ್ತದೆ.

ಬ್ರಶ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹಂದಿಯ ಕೂದಲಿನದಾದರೆ ಐದು ನಿಮಿಷ ಮೊದಲೇ ನೆನೆಯಿಡಬೇಕು, ನೈಲಾನಿನಂತಹ ಕೃತಕ ಎಳೆಗಳದಾದರೆ ಅದ್ದಿ ತೆಗೆದರೆ ಸಾಕು.

ಮೊದಲು ಮುಖವನ್ನು ಬಿಸಿನೀರಿನಿಂದ ತೊಳೆದು ಎರಡು ಮೂರು ನಿಮಿಷ ಹಸಿಯಾಗಿಯೇ ಇಟ್ಟುಕೊಳ್ಳಬೇಕು. ಸ್ನಾನವಾದ ಕೂಡಲೇ ದಾಡಿಗೆ ಕುಳಿತರೆ ಇನ್ನೂ ಒಳ್ಳೆಯದು. ಒಣಗಿದ ಗಡ್ಡದ ಕೂದಲು ಗಡುಸು, ನೀರು ಹೀರಿಕೊಂಡದ್ದು ಬ್ಲೇಡಿಗೆ ಸುಲಭವಾಗಿ ಕಡಿಯುತ್ತದೆ. ಈ ಬಿಡುವಿನಲ್ಲಿ ಬೆರಳನ್ನು ಗಡ್ಡದ ಮೇಲೆ ಆಡಿಸಿ, ಕೂದಲು ಯಾವ ದಿಕ್ಕಿಗೆ ಬೆಳೆದಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಕೆನ್ನೆಯಲ್ಲಿ ಅದು ಸಾಮಾನ್ಯವಾಗಿ ಕೆಳಮುಖವಾಗಿದ್ದರೂ ಕುತ್ತಿಗೆಯಲ್ಲಿ ಹಲವರಿಗೆ ಅಡ್ಡವಾಗಿ ಅಥವಾ ಮೇಲ್ಮುಖವಾಗಿ ಬೆಳೆದಿರುತ್ತದೆ.

ಕಡ್ಡಿಯ ತುದಿಯನ್ನು ಒಮ್ಮೆ ನೀರಿನಲ್ಲಿ ಅದ್ದಿ, ಹಸಿ ಗಡ್ಡದ ಮೇಲೆ ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಉಜ್ಜಬೇಕು. ಹೀಗೆ ಎದುರುಜ್ಜಿದಾಗ ಮೊಂಡು ಕೂದಲು ತುರಿಯುವ ಮಣೆಯಂತೆ ಕೆಲಸ ಮಾಡಿ ಸೋಪನ್ನು ತನ್ನ ಬುಡಕ್ಕೇ ತುರಿದುಕೊಳ್ಳುತ್ತದೆ. ಕಡ್ಡಿಯ ಆಕಾರದ ಗುಟ್ಟೇ ಇದು, ಬಟ್ಟಲಿನ ಸೋಪಿಗೆ ಈ ಅನುಕೂಲವಿಲ್ಲ. ಕೂದಲಿಲ್ಲದ ಕೆನ್ನೆಯ ಮೇಲ್ಭಾಗಕ್ಕೆ ಉಜ್ಜಿದರೆ ಸೋಪು ದಂಡ, ಚರ್ಮವೂ ಒಣಗುತ್ತದೆ. ಒಂದು ಸುತ್ತು ಮುಗಿದಾಗ ಗಡ್ಡದ ಮೇಲೆ ತೆಳ್ಳಗೆ ಸುಣ್ಣ ಸಾರಿಸಿದಂತೆ ಬಿಳಿ ಲೇಪ ಕಾಣಬೇಕು. ನೀರು ತುಸು ಸವಳಾಗಿದ್ದರೆ ಇನ್ನೊಂದು ಸುತ್ತು ಉಜ್ಜಬೇಕು, ಏಕೆಂದರೆ ಮೊದಲ ಸುತ್ತಿನಲ್ಲಿ ಒಂದು ಪಾಲು ಲವಣಕ್ಕೇ ಸಲ್ಲುತ್ತದೆ. ಒಣ ಮುಖಕ್ಕೆ ಕಡ್ಡಿಯನ್ನು ಉಜ್ಜಬಾರದು. ಆತುರದಲ್ಲಿ ನಾನೊಮ್ಮೆ ಹಾಗೆ ಮಾಡಿ ಗಲ್ಲವನ್ನು ಕೆಂಪಾಗಿಸಿಕೊಂಡಿದ್ದೇನೆ. ಶ್ರಾವಣದಲ್ಲಿ ತಿಂಗಳಿಡೀ ದಾಡಿ ಮುಟ್ಟದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥವರು ತಿಂಗಳು ಮುಗಿದ ಮೇಲೆ ಮೊದಲು ಕತ್ತರಿಯಿಂದಲೋ ಟ್ರಿಮ್ಮರಿನಿಂದಲೋ ಗಡ್ಡವನ್ನು ಮೊಟಕು ಮಾಡಿಕೊಳ್ಳದಿದ್ದರೆ ಸೋಪು ಉದ್ದ ಕೂದಲಿನಲ್ಲಿಯೇ ಗಂಟುಕಟ್ಟಿಕೊಂಡು ಬುಡಕ್ಕೆ ಇಳಿಯುವುದಿಲ್ಲ.

ಈಗ ನೆನೆದ ಬ್ರಶ್ಶನ್ನು ಎರಡು ಮೂರು ಸಲ ಕೊಡವಿ, ನೀರು ತೊಟ್ಟಿಕ್ಕದಂತೆ ಮಾಡಿಕೊಂಡು ಮುಖದ ಮೇಲೆ ವೃತ್ತಾಕಾರವಾಗಿ ತಿರುಗಿಸಿ. ಹೆಚ್ಚಿನವರು ಎಡವುವುದು ಇಲ್ಲಿ. ಮೊದಲೇ ನೀರು ಸುರಿದರೆ ಸೋಪು ಕುತ್ತಿಗೆಯಿಂದ ಅಂಗಿಗೆ ಇಳಿಯುತ್ತದೆ. ನೀರೇ ಕೊಡದಿದ್ದರೆ ಗಟ್ಟಿ ಪೇಸ್ಟಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಮೊದಲ ಅರ್ಧ ನಿಮಿಷ ಕಾಣುವುದು ಒಣ ಪೇಸ್ಟು ಮಾತ್ರ, ಅದಕ್ಕೆ ಗಾಬರಿಯಾಗಬಾರದು. ಬ್ರಶ್ಶಿನ ತುದಿಯನ್ನಷ್ಟೇ ಲೋಟದ ನೀರಿಗೆ ತಾಗಿಸಿ ಮತ್ತೆ ತಿರುಗಿಸಿ, ಮತ್ತೆ ತಾಗಿಸಿ ತಿರುಗಿಸಿ. ಚಪಾತಿಯ ಹಿಟ್ಟಿಗೆ ನೀರು ಚಿಮುಕಿಸುತ್ತಾ ನಾದುವ ಕೈಗೆ ಈ ಹದ ಬೇಗ ತಿಳಿಯುತ್ತದೆ. ಮೂರು ನಾಲ್ಕು ಸಲ ಹೀಗೆ ನೀರು ಕೊಟ್ಟ ಮೇಲೆ, ಸುಮಾರು ಎರಡು ನಿಮಿಷದಲ್ಲಿ, ಕಡೆದ ಗಟ್ಟಿ ಮೊಸರಿನಂತಹ, ಬೆಳಕಿಗೆ ತುಸು ಹೊಳೆಯುವ ನೊರೆ ಸಿದ್ಧವಾಗುತ್ತದೆ. ಬೆರಳಿನಲ್ಲಿ ಒಂದಿಷ್ಟು ತೆಗೆದು ತಿಕ್ಕಿದಾಗ ಜಾರಬೇಕು. ಅಂಟಿದರೆ ನೀರು ಕಡಿಮೆಯಾಗಿದೆ, ದೊಡ್ಡ ಗುಳ್ಳೆಗಳೆದ್ದು ಒಡೆಯುತ್ತಿದ್ದರೆ ನೀರು ಹೆಚ್ಚಾಗಿದೆ. ಹೆಚ್ಚಾದಾಗ ಕಡ್ಡಿಯನ್ನು ಇನ್ನೊಮ್ಮೆ ನಾಲ್ಕು ಸಲ ಉಜ್ಜಿದರೆ ಸರಿಹೋಗುತ್ತದೆ. ಮೊಗೆಯುವಷ್ಟು ನೊರೆ ಬೇಕಿಲ್ಲ. ಬ್ಲೇಡಿಗೆ ಬೇಕಾದದ್ದು ಚರ್ಮಕ್ಕೆ ಅಂಟಿಕೊಂಡಿರುವ ಹಸಿ ಪದರ, ಮೇಲಿನ ಗುಡ್ಡವೆಲ್ಲ ಶೋಭೆಗೆ.

ಎರಡಲಗಿನ ಬ್ಲೇಡು ಹಾಕುವ ಸೇಫ್ಟಿ ರೇಜರಿನ ತಲೆಯನ್ನು ಕೆನ್ನೆಗೆ ಚಪ್ಪಟೆಯಾಗಿ ಇಟ್ಟು, ಅಲಗು ಚರ್ಮಕ್ಕೆ ತಾಗುವವರೆಗೆ ಹಿಡಿಯನ್ನು ಮೆಲ್ಲಗೆ ಇಳಿಸಿದರೆ ಸುಮಾರು 30 ಡಿಗ್ರಿಯ ಸರಿಯಾದ ಓರೆ ತಾನಾಗಿ ಸಿಗುತ್ತದೆ. ರೇಜರಿನ ಭಾರವೇ ಸಾಕು, ಕೈಯ ಒತ್ತಡ ಬೇಡ. ಎರಡು ಮೂರು ಸೆಂಟಿಮೀಟರಿನ ಗಿಡ್ಡ ಎಳೆತಗಳಲ್ಲಿ, ಮೊದಲ ಸುತ್ತನ್ನು ಕೂದಲು ಬೆಳೆದ ದಿಕ್ಕಿಗೇ ಮುಗಿಸಬೇಕು. ಬ್ರಶ್ಶಿನಲ್ಲಿ ಉಳಿದ ನೊರೆಯನ್ನು ಮತ್ತೆ ಹಚ್ಚಿ ಎರಡನೆಯ ಸುತ್ತನ್ನು ಅಡ್ಡಲಾಗಿ ಮಾಡಬಹುದು. ನೊರೆಯಿಲ್ಲದ ಜಾಗದಲ್ಲಿ ರೇಜರ್ ಆಡಿಸುವುದು ಬೇಡ. ಮೂರನೆಯ ಸುತ್ತಿನಲ್ಲಿ ಎದುರು ದಿಕ್ಕಿಗೆ ಕೆರೆದು ಗಾಜಿನಂತೆ ನುಣುಪಾಗಿಸುವ ಹಟ, ವಿಶೇಷವಾಗಿ ಕುತ್ತಿಗೆಯಲ್ಲಿ, ಗುಳ್ಳೆಗಳಿಗೂ ಚರ್ಮದೊಳಗೆ ಬೆಳೆಯುವ ಕೂದಲಿಗೂ ದಾರಿ ಮಾಡಿಕೊಡುತ್ತದೆ. ಮದುವೆಯ ಹಿಂದಿನ ದಿನವಂತೂ ಅದನ್ನು ಮಾಡಲೇಬಾರದು.

ಸೋಪು ಕ್ಷಾರೀಯವಾದದ್ದು, ಚರ್ಮದ ಸಹಜ ಗುಣ ತುಸು ಆಮ್ಲೀಯ. ಆದ್ದರಿಂದ ಮುಖವನ್ನು ಧಾರಾಳ ನೀರಿನಿಂದ ತೊಳೆಯಬೇಕು. ಬೋರಿನ ನೀರಿನಲ್ಲಿ ತೊಳೆದ ಮೇಲೆ ಮುಖ ಬಿಗಿದಂತಾದರೆ ಲೋಟದಲ್ಲಿ ಮಿಕ್ಕ ಒಳ್ಳೆಯ ನೀರಿನಿಂದ ಕೊನೆಯ ಸಲ ಸವರಿಕೊಳ್ಳಿ. ಬಳಿಕ ಪಟಕದ ಕಲ್ಲನ್ನು ಒದ್ದೆ ಮಾಡಿ ತಿಕ್ಕಿದರೆ ಸಣ್ಣ ಗೀರುಗಳ ರಕ್ತ ನಿಲ್ಲುತ್ತದೆ. ಅದು ಎಲ್ಲಿ ಹೆಚ್ಚು ಉರಿಯುತ್ತದೆಯೋ ಅಲ್ಲಿ ಕೈ ಭಾರವಾಗಿ ಬಿದ್ದಿದೆ ಎಂದು ತಿಳಿದು ಮರುದಿನ ತಿದ್ದಿಕೊಳ್ಳಬಹುದು. ಹಳೆಯ ಬ್ಲೇಡುಗಳನ್ನು ಹಾಗೆಯೇ ಕಸದ ಬುಟ್ಟಿಗೆ ಹಾಕಿದರೆ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಮುಚ್ಚಳಕ್ಕೆ ಸೀಳು ಮಾಡಿದ ತಗಡಿನ ಡಬ್ಬಿಯೊಂದರಲ್ಲಿ ಕೂಡಿಡುತ್ತಾ ಬಂದರೆ ಅದು ತುಂಬಲು ವರ್ಷಗಳೇ ಬೇಕು.

ಕಡ್ಡಿಯನ್ನು ಬಳಸಿದ ಕೂಡಲೇ ಡಬ್ಬಿಯಲ್ಲಿ ಮುಚ್ಚಿಡದೆ, ಬಚ್ಚಲಿನ ಹೊರಗೆ ಗಾಳಿಯಾಡುವಲ್ಲಿ ನಿಲ್ಲಿಸಿ ಒಣಗಲು ಬಿಡಬೇಕು. ಗದಗಿನ ಒಣ ಹವೆಗೆ ಅದು ಮಧ್ಯಾಹ್ನದೊಳಗೆ ಗಟ್ಟಿಯಾಗುತ್ತದೆ, ಧಾರವಾಡದ ಜಡಿಮಳೆಯ ದಿನಗಳಲ್ಲಿ ಸಂಜೆಯಾದರೂ ತುದಿ ಲೋಳೆಯಾಗಿಯೇ ಇರುತ್ತದೆ. ಕಡ್ಡಿ ನೇರವಾಗಿ ಚರ್ಮಕ್ಕೆ ತಾಗುವ ವಸ್ತುವಾದ್ದರಿಂದ ಒಬ್ಬರ ಕಡ್ಡಿಯನ್ನು ಇನ್ನೊಬ್ಬರು, ಅಪ್ಪ-ಮಗನೇ ಆಗಲಿ, ಬಳಸಬಾರದು. ಒಂದೇ ಸೋಪನ್ನು ಇಬ್ಬರು ಹಂಚಿಕೊಳ್ಳಬೇಕೆಂದಿದ್ದರೆ ಹೊಸ ಕಡ್ಡಿಯನ್ನೇ ತುರಿದು ಎರಡು ಸ್ಟೀಲ್ ಬಟ್ಟಲುಗಳಲ್ಲಿ ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಬ್ರಶ್ಶುಗಳನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಸವೆದು ಸವೆದು ಹಿಡಿಯಲು ಬಾರದಷ್ಟು ಉಳಿದ ಚೂರನ್ನು ಎಸೆಯದೆ ಒದ್ದೆ ಮಾಡಿ, ಹೊಸ ಕಡ್ಡಿಯ ತಲೆಗೆ ಒತ್ತಿ ಒಂದು ರಾತ್ರಿ ಬಿಟ್ಟರೆ ಬೆಳಗಿನ ಹೊತ್ತಿಗೆ ಅಂಟಿಕೊಂಡಿರುತ್ತದೆ.